ತಣ್ಣನೆ ಕೋಣೆಯಲ್ಲಿ ನರಿಬಾಲದ ಬೇರು

1983ರ ಜನವರಿಯಲ್ಲಿ, ಕೋಲಾರ ತಾಲ್ಲೂಕು ಹುತ್ತೂರು ಹೋಬಳಿಯ ಒಂದು ಹಳ್ಳಿಯಲ್ಲಿ, ನನ್ನ ಅತ್ತಿಗೆಯ ತಂದೆ ಸಾಕಿದ್ದ ರೇಷ್ಮೆ ಹುಳುಗಳು ಸತ್ತವು. ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಮೂರನೇ ಜ್ವರದಿಂದ ಎದ್ದು ಸೊಪ್ಪು ತಿಂದ ದಿನವೇ ಅವು ಸತ್ತಿದ್ದವು. ಅವು ಮೊಟ್ಟೆಯಾಗಿದ್ದಾಗ ಇದ್ದದ್ದು ನನ್ನ ಅಣ್ಣ ಕೆಲಸ ಮಾಡುತ್ತಿದ್ದ ಮೊಟ್ಟೆ ಕೇಂದ್ರದ ತಣ್ಣನೆ ಕೋಣೆಯಲ್ಲಿ. ಅದೇ ಕೋಣೆಯ ತಳದ ಹಲಗೆಯ ಮೇಲೆ, ಅದೇ ದಿನಗಳಲ್ಲಿ, ನಮ್ಮ ಹಿತ್ತಿಲಿನ ಒಂದು ಹೂಗಿಡದ ಎರಡು ಬೇರುಗಳೂ ಇದ್ದವು. ಅವನ್ನು ಅಲ್ಲಿ ಇಟ್ಟವನು ಅಣ್ಣ. ಕಚೇರಿಯಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ.

ಆ ಬೇರುಗಳು ಬಂದದ್ದು ಕಾಶ್ಮೀರದಿಂದ. ಅತ್ತಿಗೆಯ ತಮ್ಮ ಸೈನ್ಯದಲ್ಲಿದ್ದ. 1981ರ ದೀಪಾವಳಿಗೆ ರಜೆಯ ಮೇಲೆ ಬಂದವನು ಟ್ರಂಕಿನ ಒಳಗಿಂದ ಉಣ್ಣೆಯ ಕಾಲುಚೀಲವೊಂದನ್ನು ತೆಗೆದು, ಅದರಿಂದ ಮೂರು ಬೇರುಗಳನ್ನು ನಮ್ಮ ನಡುಮನೆಯ ಚಾಪೆಯ ಮೇಲೆ ಸುರಿದ. ನಡುವೆ ಒಂದು ಮೊಗ್ಗಿನಂಥ ಗಂಟು, ಅದರ ಸುತ್ತ ಬೆರಳಿನ ಗಾತ್ರದ ಒಣ ಕಾಲುಗಳು. ಅತ್ತಿಗೆ ಒಂದು ಹೆಜ್ಜೆ ಹಿಂದೆ ಸರಿದರು.

"ಏನೋ ಇದು, ಜೇಡನ ಹಿಡ್ಕೊಂಬಂದಿದ್ದೀಯ?"

"ಹೂವಿನ ಗಿಡ ಕಣಕ್ಕಾ. ಕಲ್ಲುಗುಡ್ಡದ ಮೇಲೆ ತಾನಾಗೇ ಬರ್ತೈತೆ. ಹಿಮ ಕರಗಿದ ಮೇಲೆ ದಂಟು ಎದ್ರೆ ನನ್ನಷ್ಟೆತ್ತರ. ತುದಿ ತನಕ ಹೂವು, ನರಿ ಬಾಲ ನಿಗುರಿಸಿದಂಗೆ."

"ಹಂಗಾದ್ರೆ ಇಲ್ಲೂ ಬರ್ತದೆ ಬಿಡು."

"ನಿನ್ನ ಕೈಲಿ ಬರಲ್ಲ. ಇದೇನು ನಿನ್ನ ಕನಕಾಂಬರ ಅಂದ್ಕೊಂಡ್ಯಾ?"

ಅವನು ತಮಾಷೆಗೆ ಅಂದದ್ದು. ಅತ್ತಿಗೆ ಮಾತ್ರ ಆ ಮಾತನ್ನು ಬಿಡಲಿಲ್ಲ. ನಮ್ಮ ಹಿತ್ತಿಲು ದೊಡ್ಡದಲ್ಲ, ಬಾವಿಯಿಂದ ಕಾಂಪೌಂಡಿನ ಗೋಡೆಯವರೆಗೆ ಒಂದು ಪಟ್ಟಿ. ಅದರಲ್ಲಿ ಅವರು ಡೇಲಿಯಾ, ಸುಗಂಧರಾಜ, ಸೇವಂತಿಗೆ ಎಲ್ಲವನ್ನೂ ಬೆಳೆದಿದ್ದರು. ಬೀದಿಯ ಹೆಂಗಸರು ಕಡ್ಡಿ ಕೇಳಿಕೊಂಡು ಬರುತ್ತಿದ್ದರು. ಅವರ ಕೈಯಲ್ಲಿ ಒಂದು ಗಿಡ ಬರುವುದಿಲ್ಲ ಎಂದು ಅದಕ್ಕೆ ಮೊದಲು ಯಾರೂ ಹೇಳಿರಲಿಲ್ಲ.

ಮೊದಲನೆಯ ಬೇರಿಗೆ ಅವರು ಹಿತ್ತಿಲಿನ ಅತ್ಯುತ್ತಮ ಜಾಗವನ್ನು ಕೊಟ್ಟರು. ಗುಂಡಿಗೆ ಕೆರೆಗೋಡು ಮಣ್ಣು ತುಂಬಿಸಿ, ಹರಳು ಹಿಂಡಿ ಹಾಕಿ, ಬೆಳಿಗ್ಗೆ ಸಂಜೆ ನೀರು ಹೊಯ್ದರು. ತವರಿನಲ್ಲಿ ಹಿಪ್ಪುನೇರಳೆ ತೋಟಕ್ಕೆ ಮಾಡುತ್ತಿದ್ದದ್ದು ಅದನ್ನೇ. ಸಂಕ್ರಾಂತಿಯ ಹೊತ್ತಿಗೆ ಕೆದಕಿ ನೋಡಿದಾಗ ಬೇರು ಕೊಳೆತು, ಹಿಸುಕಿದರೆ ಕೈಗೆ ಅಂಟುವಂತಾಗಿತ್ತು. ಉಳಿದ ಎರಡನ್ನು ಗೋಡೆಯ ಬುಡದಲ್ಲಿ, ಮನೆ ಕಟ್ಟಿದಾಗ ಮಿಕ್ಕಿದ್ದ ಮರಳಿನಲ್ಲಿ ಸುಮ್ಮನೆ ಹೂತಿದ್ದರು. ಫೆಬ್ರವರಿಯಲ್ಲಿ ಅವುಗಳಿಂದ ಪಟ್ಟಿಯಂಥ ಹಸಿರು ಎಲೆಗಳು ಬಂದವು. ಏಪ್ರಿಲ್‌ನಲ್ಲಿ ಒಣಗಿ ಬಿದ್ದವು. ಹೂವಿನ ಸುಳಿವಿರಲಿಲ್ಲ.

ಇಂಗ್ಲಿಷಿನಲ್ಲಿ ಇದನ್ನು ಫಾಕ್ಸ್‌ಟೈಲ್ ಲಿಲ್ಲಿ ಎನ್ನುತ್ತಾರೆಂದು ನನಗೆ ತಿಳಿದದ್ದು ಆ ವರ್ಷವೇ. ನಾನು ಆಗ ಬೆಂಗಳೂರಿನ ಒಂದು ದಿನಪತ್ರಿಕೆಗೆ ಕೋಲಾರದಿಂದ ಸುದ್ದಿ ಕಳಿಸುತ್ತಿದ್ದೆ. ಅಣ್ಣನ ಮನೆಯಲ್ಲೇ ಇದ್ದೆ. ಸುದ್ದಿಗೆಂದು ಹೋದಾಗ ತೋಟಗಾರಿಕೆಯ ಅಧಿಕಾರಿಯೊಬ್ಬರನ್ನು ಕೇಳಿದೆ. ಅವರು ಪುಸ್ತಕ ತೆರೆದು ಚಿತ್ರ ತೋರಿಸಿದರು. ಚಳಿಗಾಲದಲ್ಲಿ ಬೇರು ನೆಲದಡಿ ಹೆಪ್ಪುಗಟ್ಟುವ ಚಳಿಯಲ್ಲಿ ಮಲಗಿರಬೇಕು, ಇಲ್ಲದಿದ್ದರೆ ಹೂ ಏಳುವುದಿಲ್ಲ, ಕೋಲಾರದಲ್ಲಿ ಇದು ಆಗುವ ಕೆಲಸವಲ್ಲ ಎಂದರು. ಮನೆಗೆ ಬಂದು ಊಟದ ಹೊತ್ತಿನಲ್ಲಿ ಅದನ್ನೇ ಹೇಳಿದೆ.

ಅತ್ತಿಗೆ ಸಾರು ಬಡಿಸುತ್ತಿದ್ದವರು ಅಣ್ಣನ ಕಡೆ ನೋಡಿದರು. "ಮೊಟ್ಟೆಗೂ ನೀವು ಮಾಡೋದು ಅದೇ ಅಲ್ವೇನ್ರೀ? ತಣ್ಣಗೆ ಮಲಗಿಸಿಟ್ಟು, ಬೇಕಾದಾಗ ಎಬ್ಬಿಸೋದು?"

"ಮೊಟ್ಟೆ ಬೇರೆ, ಬೇರು ಬೇರೆ."

"ಚಳಿ ಒಂದೇ ತಾನೆ."

ಅಣ್ಣ ಊಟ ಮುಗಿಸಿ ಎದ್ದ. ಅವನು ತಣ್ಣನೆ ಕೋಣೆಯ ಉಸ್ತುವಾರಿ ನೋಡುತ್ತಿದ್ದ. ರೇಷ್ಮೆ ಚಿಟ್ಟೆಗಳು ಹಾಳೆಯ ಮೇಲಿಟ್ಟ ಮೊಟ್ಟೆಗಳನ್ನು ಆ ಕೋಣೆಯಲ್ಲಿ ಹದವಾದ ಚಳಿಯಲ್ಲಿಟ್ಟು, ರೈತರು ಕೇಳಿದಾಗ ಹೊರಗೆ ತೆಗೆದು ಕೊಡುತ್ತಿದ್ದರು. ಕೆಲಸಕ್ಕೆ ಸೇರಿ ಬಹಳ ಕಾಲವಾಗಿದ್ದರೂ ಅವನು ಇನ್ನೂ ದಿನಗೂಲಿಯವನೇ. ಖಾಯಂ ಮಾಡುವ ಆದೇಶ ಇಂದು ಬರುತ್ತದೆ, ನಾಳೆ ಬರುತ್ತದೆ ಎಂದು ಆ ವರ್ಷವೆಲ್ಲ ಮಾತು ನಡೆದಿತ್ತು. ಕಚೇರಿಯ ಪೆನ್ಸಿಲನ್ನೂ ಮನೆಗೆ ತಾರದವನು. ಹಾಗಾಗಿ ಅತ್ತಿಗೆಯೂ ಮತ್ತೆ ಆ ಮಾತು ಎತ್ತಲಿಲ್ಲ.

ನವೆಂಬರ್‌ನಲ್ಲಿ ಒಂದು ಬೆಳಿಗ್ಗೆ ಅತ್ತಿಗೆ ಗೋಡೆಯ ಬುಡದ ಮರಳು ಕೆದಕಿರುವುದನ್ನು ಕಂಡು ಹೆಗ್ಗಣದ ಕೆಲಸ ಎಂದುಕೊಂಡರು. ಸಂಜೆ ಅಣ್ಣ ತಾನೇ ಹೇಳಿದ. ಬೇರುಗಳನ್ನು ತೆಗೆದು, ತೊಳೆದು, ಫಾರ್ಮಲಿನ್‌ನಲ್ಲಿ ಅದ್ದಿ, ನೆರಳಲ್ಲಿ ಆರಿಸಿ, ನಮ್ಮ ಪತ್ರಿಕೆಯ ಹಳೆಯ ಸಂಚಿಕೆಯಲ್ಲಿ ಸುತ್ತಿ, ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿಟ್ಟು ತಣ್ಣನೆ ಕೋಣೆಗೆ ಸೇರಿಸಿದ್ದ.

"ಫಾರ್ಮಲಿನ್ನಾ?" ಎಂದರು ಅತ್ತಿಗೆ. "ಬೇರಿಗಾ?"

"ಹಂಗೇ ಇಡಕ್ಕಾಗ್ತದಾ? ಮಣ್ಣಲ್ಲಿ ಬೂಷ್ಟು ಇರ್ತದೆ. ಮೊಟ್ಟೆಗೆ ತಗುಲಿದ್ರೆ ಹುಳು ಬೆಳ್ಳಗೆ ಸುಣ್ಣ ಕಟ್ಟಿ ಸಾಯ್ತಾವೆ."

ಮೊಟ್ಟೆ ಕೇಂದ್ರದಲ್ಲಿ ತಟ್ಟೆ, ನೆಲ, ಗೋಡೆ, ಮೊಟ್ಟೆಯ ಹಾಳೆ ಯಾವುದನ್ನೂ ಕ್ರಿಮಿ ಕೊಲ್ಲುವ ಫಾರ್ಮಲಿನ್ ಇಲ್ಲದೆ ಬಿಡುವುದಿಲ್ಲ. ಅಣ್ಣನ ಕೈಗೆ ಅದು ರೂಢಿಯಾಗಿಬಿಟ್ಟಿತ್ತು. ಮೊಟ್ಟೆ ತಡೆಯುವುದನ್ನು ಬೇರೂ ತಡೆಯುತ್ತದೆ ಎಂದು ಅವನು ಎಣಿಸಿದ್ದ. ಅಂದಿನಿಂದ ಅಣ್ಣ ಕೆಲಸದಿಂದ ಬಂದು ಚಪ್ಪಲಿ ಬಿಡುವ ಮುಂಚೆಯೇ ಅವನ ಮುಖ ನೋಡುವುದು ಅವರಿಗೆ ಅಭ್ಯಾಸವಾಯಿತು. ಮೇಲಿನವರು ಯಾರಾದರೂ ತಪಾಸಣೆಗೆ ಬಂದಿದ್ದರೇ ಎಂದು ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಡಬ್ಬಿಯನ್ನು ವಾಪಸು ತಂದುಬಿಡಿ ಎಂದು ಎರಡು ಸಲ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ಈಗ ತಂದರೆ ಇಷ್ಟು ದಿನದ ಚಳಿ ದಂಡವಾಗುತ್ತದೆ ಎಂದು ಅಣ್ಣ ಎರಡು ಸಲವೂ ಮುಂದೂಡಿದ.

ಆ ನಡುವೆ ನಾನು ಮಾಲೂರಿನ ಕಡೆ ಹೋಗಿದ್ದಾಗ ಶಿವಾರಪಟ್ಟಣದಿಂದ ಒಂದು ಗೋಣಿಚೀಲ ಕಲ್ಲುಚಕ್ಕೆ ತಂದೆ. ಗುಡ್ಡದ ಗಿಡಕ್ಕೆ ನೀರು ನಿಲ್ಲದ ಜಾಗ ಬೇಕೆಂದು ಆ ಪುಸ್ತಕದಲ್ಲಿತ್ತು. ಅಲ್ಲಿ ವಿಗ್ರಹ ಕೆತ್ತುವವರ ಮನೆಗಳ ಮುಂದೆ ಚಕ್ಕೆ ರಾಶಿ ಬಿದ್ದಿರುತ್ತದೆ. ಕೆತ್ತುತ್ತಿದ್ದವರು ಕೈ ನಿಲ್ಲಿಸದೆಯೇ ಹೇಳಿದರು: "ದೇವ್ರಾಗದೆ ಉಳಿದಿದ್ದು ಸಾಮಿ ಇದೆಲ್ಲ. ಎಷ್ಟು ಬೇಕೋ ತುಂಬ್ಕೊಳಿ." ಬಸ್ಸಿನ ಕಂಡಕ್ಟರ್ ಮಾತ್ರ ಚೀಲ ಎತ್ತಿ ನೋಡಿ, ಮನೆ ಕಟ್ಟಿಸ್ತಾ ಇದ್ದೀರಾ ಎಂದು ದಾರಿಯುದ್ದಕ್ಕೂ ಕೆಣಕಿದ. ಅತ್ತಿಗೆ ಆ ಚಕ್ಕೆಯಿಂದ ಗೋಡೆಯ ಬುಡದಲ್ಲಿ ಒಂದು ದಿಬ್ಬ ಮಾಡಿ, ಬೇರು ಬರುವುದನ್ನು ಕಾದರು.

ಬಂದದ್ದು ಅವರ ತಂದೆ. ಜನವರಿಯ ಒಂದು ಮಧ್ಯಾಹ್ನ, ಅಣ್ಣ ಊಟಕ್ಕೆ ಬಂದಿದ್ದ ಹೊತ್ತಿನಲ್ಲಿ, ಬಾಗಿಲಲ್ಲಿ ನಿಂತರು. ಕೈಯಲ್ಲಿ ಬಿಸ್ಕತ್ತಿನ ಡಬ್ಬಿ ಇತ್ತು. ಹುಳು ಇರುವ ಕಾಲದಲ್ಲಿ ಮನೆ ಬಿಟ್ಟು ಕದಲದವರು. ಒಗ್ಗರಣೆಯ ಘಾಟು ಹುಳುವಿಗೆ ಆಗದೆಂದು ಮನೆಯಲ್ಲಿ ಬಾಣಲೆ ಇಡಗೊಡದವರು, ಹೂ ಮುಡಿದಿದ್ದರೆ ಮಗಳನ್ನೂ ಹುಳುವಿನ ಕೋಣೆಗೆ ಬಿಡದವರು. ಅವರು ಬಂದು ನಿಂತಿದ್ದನ್ನು ನೋಡಿಯೇ ಅತ್ತಿಗೆಗೆ ಗೊತ್ತಾಯಿತು.

"ಎಲ್ಲಾ ಹೋದ್ವು ಕಣಮ್ಮಣ್ಣಿ," ಎಂದು ಅವರು ಜಗಲಿಯ ಮೇಲೆ ಕೂತರು. "ಬೆಳಿಗ್ಗೆ ಸೊಪ್ಪು ಹಾಕ್ದೆ, ತಿಂದ್ವು. ಮತ್ತೆ ಬಂದು ನೋಡ್ತೀನಿ, ಒಂದೊಂದೂ ತಲೆ ಎತ್ತಿ ಒದ್ದಾಡ್ತಾವೆ."

ಅಣ್ಣ ತಟ್ಟೆಯ ಮುಂದಿನಿಂದ ಎದ್ದು ಬಂದ. "ಮಾವ, ಸುಣ್ಣ ಕಟ್ಟಿದ್ವಾ?"

"ಅದೇ ನಂಗೆ ತಿಳೀತಿಲ್ಲ ಅಳಿಯಂದ್ರೇ. ಗಟ್ಟಿಯಾಗೋದು, ಬೆಳ್ಳಗಾಗೋದು ಇನ್ನೂ ಆಗಿಲ್ಲ. ಅದಕ್ಕೇ ಒಂದಷ್ಟು ತಂದೀವ್ನಿ. ನೀವೇ ನೋಡಿ. ಮೊಟ್ಟೇದು ತಪ್ಪು ಅಂದ್ರೆ ಆಫೀಸಿಗೆ ಹೋಗಿ ಕೇಳ್ತೀನಿ. ಅಲ್ಲ ಅಂದ್ರೆ ಸುಮ್ನಾಗ್ತೀನಿ. ನೀವು ಹೇಳಿದ್ದೇ ಮಾತು."

ಡಬ್ಬಿಯನ್ನು ಅಣ್ಣನ ಕೈಗೆ ಕೊಟ್ಟು, ಮಗಳು ಕೊಟ್ಟ ಮಜ್ಜಿಗೆ ಕುಡಿದು, ಹುಳುವಿನ ತಟ್ಟೆಗಳನ್ನು ತೊಳೆಯಬೇಕೆಂದು ಅವರು ಬಸ್ಸಿಗೆ ಹೊರಟುಹೋದರು.

ಅಣ್ಣ ಅಂದು ಮಧ್ಯಾಹ್ನವೇ ಕೇಂದ್ರಕ್ಕೆ ಮರಳಿ ಬೇರಿನ ಡಬ್ಬಿಯನ್ನು ತಣ್ಣನೆ ಕೋಣೆಯಿಂದ ತೆಗೆದು, ಕೈಚೀಲದಲ್ಲಿಟ್ಟುಕೊಂಡು ಮನೆಗೆ ತಂದ. ಬಚ್ಚಲುಮನೆಯ ಮೂಲೆಯಲ್ಲಿ ಒಂದು ಮೊರದ ಮೇಲೆ ಒದ್ದೆ ಬಟ್ಟೆ ಹಾಸಿ, ಸತ್ತ ಹುಳುಗಳನ್ನು ಅದರ ಮೇಲೆ ಬಿಡಿಸಿಟ್ಟ. ಬೂಷ್ಟಿನಿಂದ ಸತ್ತ ಹುಳು ತೇವ ಸಿಕ್ಕಿದರೆ ಒಂದೆರಡು ದಿನದಲ್ಲಿ ಗಟ್ಟಿಯಾಗಿ, ಮೈಮೇಲೆ ಬಿಳಿ ಪುಡಿ ಏಳುತ್ತದೆ. ಹಾಗೆ ಬೆಳ್ಳಗಾದರೆ ಬೂಷ್ಟು ಬೇರಿನ ಡಬ್ಬಿಯಿಂದ ಬಂದದ್ದೆಂದೇ ಅವನ ಲೆಕ್ಕ.

"ಬೆಳ್ಳಗಾದ್ರೆ ಸಾಹೇಬ್ರ ಹತ್ರ ಹೋಗಿ ಹೇಳಿಬಿಡ್ತೀನಿ," ಎಂದ.

"ಏನಂತ?" ಎಂದು ಅತ್ತಿಗೆ ಒಳಗಿನಿಂದಲೇ ಕೇಳಿದರು.

"ಇಟ್ಟಿದ್ದೆ ಅಂತ."

"ಕೆಲಸ?"

ಅಣ್ಣ ಮೊರದ ಬಟ್ಟೆಗೆ ಇನ್ನಷ್ಟು ನೀರು ಚಿಮುಕಿಸಿದ. ಆಮೇಲೆ ನನ್ನ ಕಡೆ ತಿರುಗಿದ. "ನೀನು ಬರೀತೀಯೇನೋ ಪೇಪರಿಗೆ?"

"ಒಂದು ಮನೇದು ಸುದ್ದಿ ಅಲ್ಲಣ್ಣಾ. ಅದೇ ಮೊಟ್ಟೆ ಬೇರೆ ಕಡೇನೂ ಹೋಗಿರ್ತದಲ್ಲ, ಅಲ್ಲೂ ಹಿಂಗೇ ಆಗಿದ್ರೆ ಬರೀಬೇಕಾಗ್ತದೆ."

"ಮುಳಬಾಗಿಲ ಕಡೆ ಒಂದೂರಿಗೆ ಹೋಗಿದೆ. ಶ್ರೀನಿವಾಸಪುರದ ಕಡೆ ಒಂದು," ಎಂದು ಊರುಗಳ ಹೆಸರು ಹೇಳಿದ. "ಹೋಗಿ ನೋಡ್ಕೊಂಡು ಬಾ."

ಅತ್ತಿಗೆ ಒಳಗಿನಿಂದ ಬಂದರು. "ಹೋಗ್ಲೇಬೇಕೇನಪ್ಪ?"

"ಹೋಗ್ಲಿ ಬಿಡೇ," ಎಂದ ಅಣ್ಣ. "ಇವನು ಹೋಗ್ದಿದ್ರೆ ನಾನು ಹೋಗ್ಬೇಕು. ನನ್ನ ಕೈಲಾಗಲ್ಲ."

ಮಾರನೆಯ ಬೆಳಿಗ್ಗೆ ಹೊರಡುವ ಮೊದಲು ಬಚ್ಚಲುಮನೆಗೆ ಇಣುಕಿದೆ. ಅಣ್ಣ ಮೊರದ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದು ಹುಳುವನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದ. ಹುಳು ಮೆತ್ತಗೇ ಇತ್ತು. ಒಂದೆರಡರ ಮೈಮೇಲೆ ಬೆಳ್ಳಗೆ ಏನೋ ಕಾಣುತ್ತಿತ್ತು. ಅದು ಬಟ್ಟೆಯ ನಾರೋ, ಬೂಷ್ಟೋ ಹೇಳಲಾಗಲಿಲ್ಲ.

ಮೊದಲು ಮುಳಬಾಗಿಲ ಕಡೆಯ ಊರಿಗೆ ಹೋದೆ. ಹುಳು ಸಾಕಿದ ಮನೆಯ ಯಜಮಾನರು ಜಗಲಿಯ ಮೇಲೆಯೇ ಕೂತಿದ್ದರು. ಅವರದು ಸಣ್ಣ ಬೆಳೆ, ಹುಳುಗಳೆಲ್ಲ ಜ್ವರ ಎದ್ದು ಸೊಪ್ಪು ತಿನ್ನುತ್ತಿದ್ದವು. ಕಿವಿಗೊಟ್ಟರೆ ಒಳಗಿನಿಂದ ಹುಳು ಎಲೆ ತಿನ್ನುವ ಸದ್ದು ಸಣ್ಣ ಮಳೆಯ ಹಾಗೆ ಕೇಳುತ್ತಿತ್ತು. ಅಲ್ಲಿಂದ ಬಸ್ಸು ಬದಲಿಸಿ ಶ್ರೀನಿವಾಸಪುರದ ಕಡೆಯ ಊರು ಸೇರಿದಾಗ ಮಧ್ಯಾಹ್ನ ದಾಟಿತ್ತು. ಅಲ್ಲಿ ಬಾಗಿಲು ಹಾಕಿತ್ತು. ಹೊಸ್ತಿಲ ಹೊರಗೆ ಸುಣ್ಣ ಚೆಲ್ಲಿದ್ದರು. ನಾನು ಬಾಗಿಲು ತಟ್ಟಿದೆ.

"ಎವುರು?" ಎಂದು ಒಳಗಿನಿಂದ ಹೆಂಗಸಿನ ದನಿ ಯಾರೆಂದು ತೆಲುಗಿನಲ್ಲಿ ಕೇಳಿತು.

ಕೋಲಾರದಿಂದ ಬಂದಿದ್ದೇನೆ, ಹುಳು ಹೇಗಿವೆ ಎಂದು ಕೇಳಬೇಕಿತ್ತು ಎಂದೆ. ಬಾಗಿಲು ಯಾಕೆ ಹಾಕಿದೆ, ಸುಣ್ಣ ಯಾಕೆ ಚೆಲ್ಲಿದ್ದಾರೆ ಎಂದು ನಾನು ನಿಂತಲ್ಲೇ ಯೋಚಿಸಿದೆ. ಹುಳು ಸತ್ತ ಮನೆಯವರೂ ಸುಣ್ಣ ಚೆಲ್ಲುತ್ತಾರೆ, ಹುಳು ಚೆನ್ನಾಗಿರುವ ಮನೆಯವರೂ ಚೆಲ್ಲುತ್ತಾರೆ.

"ಏನಾಗವೆ ಅಂತ ಕೇಳಕ್ಕೆ ಬಂದ್ರಿ?" ಎಂದಿತು ದನಿ.

"ಸತ್ತಿದಾವಾ ಅಂತ."

"ನಿಮ್ಮ ಬಾಯಿಗಿಷ್ಟು ಮಣ್ಣು ಹಾಕ. ಬಾಗುನ್ನಾಯಿ. ಚೆನ್ನಾಗವೆ. ಬೀಡಿ ಸೇದಿ ಬಂದ್ರೋ ಏನೋ, ದೂರ ಹೋಗಿ ನಿಂತ್ಕಳಿ."

ನಾನು ಬೀಡಿ ಸೇದುವವನಲ್ಲ ಎಂದು ಹೇಳುವ ಅಗತ್ಯ ಕಾಣಲಿಲ್ಲ. ಮನೆಯ ಪಕ್ಕದ ತಿಪ್ಪೆಯನ್ನು ಒಂದು ಸುತ್ತು ನೋಡಿದೆ. ಹುಳು ತಿಂದುಳಿದ ಸೊಪ್ಪಿನ ಕಡ್ಡಿ ಇತ್ತು, ಸತ್ತ ಹುಳು ಇರಲಿಲ್ಲ.

ಸಂಜೆ ಮನೆಗೆ ಬಂದಾಗ ಅಣ್ಣ, ಅತ್ತಿಗೆ ಇಬ್ಬರೂ ಹಿತ್ತಿಲ ಬಾಗಿಲಲ್ಲಿದ್ದರು. ಮೊರವನ್ನು ಬೆಳಕಿಗೆ ತಂದಿಟ್ಟಿದ್ದರು. ಹುಳುಗಳು ಬೆಳ್ಳಗಾಗಿರಲಿಲ್ಲ. ಕುಗ್ಗಿ, ಕಪ್ಪಗಾಗಿ, ವಾಸನೆ ಹೊಡೆಯುತ್ತಿದ್ದವು. ಬಾಯಿಯ ಹತ್ತಿರ ಕಕ್ಕಿದ ಹಸಿರು ಒಣಗಿ ಅಂಟಿಕೊಂಡಿತ್ತು. ಅಣ್ಣ ನಾನು ಹೇಳಿದ್ದನ್ನು ಕೇಳಿಸಿಕೊಂಡ. ಆದರೂ ಇನ್ನೊಂದು ದಿನ ಇಡೋಣ ಎಂದ. ಅತ್ತಿಗೆ ಆ ಸಂಜೆಯೇ ಬೇರಿನ ಡಬ್ಬಿ ತೆರೆದರು. ಒಂದು ಬೇರಿನ ಕಾಲುಗಳೆಲ್ಲ ಫಾರ್ಮಲಿನ್ ತಿಂದು ಕಪ್ಪಗೆ ಸುಕ್ಕಿದ್ದವು, ಮುಟ್ಟಿದರೆ ಉದುರುತ್ತಿದ್ದವು. ಇನ್ನೊಂದರ ಕೆಲವು ಕಾಲುಗಳು ಮಾತ್ರ ಹೋಗಿದ್ದವು. ನಡುವಿನ ಗಂಟಿನಲ್ಲಿ ತಿಳಿಹಸಿರು ಮೊಳಕೆ ಇಣುಕಿತ್ತು. ಅವರು ಎರಡನ್ನೂ ಚಕ್ಕೆಯ ದಿಬ್ಬದಲ್ಲಿ ಹೂತರು. ಮೊಳಕೆಯನ್ನು ಅಣ್ಣನಿಗೆ ತೋರಿಸಲಿಲ್ಲ.

ಮರುದಿನವೂ ಹುಳು ಬೆಳ್ಳಗಾಗಲಿಲ್ಲ. ಅಣ್ಣ ರಜೆ ಹಾಕಿ ನನ್ನನ್ನೂ ಕರೆದುಕೊಂಡು ಮಾವನ ಊರಿಗೆ ಹೊರಟ.

ಮಾವ ಹುಳುವಿನ ತಟ್ಟೆಗಳನ್ನು ಅಂಗಳದಲ್ಲಿ ಬಿಸಿಲಿಗೆ ಹಾಕಿದ್ದರು. ಅಣ್ಣ ಮನೆಯೊಳಗೆ ಹೋಗದೆ ನೇರ ತೋಟಕ್ಕೆ ನಡೆದ. ಹಿಪ್ಪುನೇರಳೆಯ ಪಕ್ಕಕ್ಕೇ ಆ ವರ್ಷ ಮಾವ ಹೊಸದಾಗಿ ಟೊಮೇಟೊ ಹಾಕಿದ್ದರು. ಕೋಲಾರದ ಮಂಡಿಗೆ ಟೊಮೇಟೊ ಒಯ್ಯುವ ಹುರುಪು ಆಗ ಊರೂರಲ್ಲೂ ಏಳುತ್ತಿತ್ತು. ಎರಡಕ್ಕೂ ನಡುವೆ ಒಂದು ಕಾಲುವೆಯಷ್ಟೇ ಅಂತರ. ಕಾಲುವೆಯ ಪಕ್ಕದ ಸಾಲಿನಲ್ಲಿ ಹಿಪ್ಪುನೇರಳೆ ಕಡ್ಡಿಗಳು ಬರಿದಾಗಿದ್ದವು. ಸೊಪ್ಪು ಕೊಯ್ದಿದ್ದರು. ಅಣ್ಣ ಉಳಿದಿದ್ದ ಒಂದು ಎಲೆ ಕಿತ್ತು ಮೂಸಿ ನೋಡಿದ.

"ಮಾವ, ಟೊಮೇಟೊಗೆ ಔಷ್ಧಿ ಹೊಡೆಸಿದ್ರಾ?"

ಮಾವ ಹೆಗಲ ಮೇಲಿನ ಟವೆಲ್ ತೆಗೆದು ಕೊಡವಿದರು. "ಹೊಡೆಸ್ದೆ. ಹುಳ ಹತ್ಕೊಂಡಿತ್ತು. ಈ ಸಾಲಿನ ಸೊಪ್ಪು ಬ್ಯಾಡ ಅಂತ ನಾನೇ ಎಲ್ಲಾರಿಗೂ ಹೇಳಿದ್ದೆ."

"ಮತ್ತೆ?"

"ಜ್ವರ ಎದ್ದವಲ್ಲ, ಹಸಿವು ಜಾಸ್ತಿ. ಸೊಪ್ಪು ಸಾಲಲಿಲ್ಲ." ಅವರು ಬರಿಯ ಕಡ್ಡಿಗಳ ಕಡೆ ನೋಡಿದರು. "ನಾನೇ ಕೊಯ್ದೆ. ತೊಳೆದು ಹಾಕ್ದೆ. ತೊಳೆದ್ರೆ ಹೋಗ್ತದೆ ಅಂದ್ಕೊಂಡೆ."

ಅಣ್ಣ ಕೈಯಲ್ಲಿದ್ದ ಎಲೆಯನ್ನು ಕಾಲುವೆಗೆ ಎಸೆದ. ಆಮೇಲೆ ಅಣ್ಣ, "ನಾನೂ ಒಂದು ಹೇಳ್ಬೇಕು ಮಾವ," ಎಂದು ಬೇರಿನ ಕಥೆಯನ್ನೆಲ್ಲ ಹೇಳಿದ. ಡಬ್ಬಿ, ಹಲಗೆ, ನವೆಂಬರ್, ಎಲ್ಲವನ್ನೂ.

"ಅದಕ್ಕೂ ಫಾರ್ಮಲಿನ್ ಸ್ನಾನ ಮಾಡಿಸಿದ್ರಾ?" ಎಂದರು ಮಾವ.

"ಹೂಂ."

"ಅಳಿಯಂದ್ರೇ, ನಿಮಗೆ ಮಕ್ಕಳಾದ್ರೂ ಅದರಲ್ಲೇ ಅದ್ದಿ ತೆಗೀತೀರೋ ಏನೋ." ಅವರು ನಗಲಿಲ್ಲ. ತೋಟದ ಕಡೆ ತಿರುಗಿ ನಡೆಯುತ್ತ, ಹೆಗಲ ಮೇಲಿಂದ ಕೇಳಿದರು: "ಬದುಕ್ತದಾ ಅದು?"

ಆ ಹುಳುಗಳನ್ನು ಯಾವ ಪ್ರಯೋಗಾಲಯದಲ್ಲೂ ಪರೀಕ್ಷಿಸಲಿಲ್ಲ. ಮಾವ ಕಚೇರಿಗೆ ದೂರು ಕೊಡಲಿಲ್ಲ. ಟೊಮೇಟೊ ಪಕ್ಕದ ಸೊಪ್ಪಿನಿಂದ ಹುಳು ಸಾಯುತ್ತಿರುವ ಬಗ್ಗೆ ನಾನು ಬರೆದ ನಾಲ್ಕು ಸಾಲಿನ ಸುದ್ದಿ ಆ ತಿಂಗಳ ಕೊನೆಯಲ್ಲಿ ಒಳಪುಟದಲ್ಲಿ ಬಂತು. ಅದರಲ್ಲಿ ಯಾವ ಊರಿನ ಹೆಸರೂ ಇರಲಿಲ್ಲ. ಅಣ್ಣ ಅದನ್ನು ಎರಡು ಸಲ ಓದಿ, ಅದರಡಿ ಬರೆಯದೆ ಬಿಟ್ಟದ್ದು ಏನಾದರೂ ಇದೆಯೇ ಎಂಬಂತೆ ನನ್ನ ಮುಖ ನೋಡಿದ. ಅದಾದ ಮೇಲೂ ಎಷ್ಟೋ ಕಾಲ, ಎಲ್ಲಾದರೂ ಹುಳು ಸತ್ತ ಸುದ್ದಿ ಬಂದರೆ, "ಬೆಳ್ಳಗಾಗಿದ್ವಾ?" ಎಂದು ಮೊದಲು ಕೇಳುತ್ತಿದ್ದವನು ಅವನೇ.

ಫೆಬ್ರವರಿಯಲ್ಲಿ ಚಕ್ಕೆಗಳ ನಡುವಿನಿಂದ ಎಲೆ ಬಂತು. ಕಪ್ಪಗಾಗಿದ್ದ ಬೇರು ಬರಲೇ ಇಲ್ಲ. ಮಾರ್ಚ್‌ನಲ್ಲಿ ಉಳಿದ ಗಿಡದ ನಡುವೆ ಒಂದು ದಂಟು ಎದ್ದಿತು. ಅತ್ತಿಗೆ ಅದಕ್ಕೆ ಬಿಸಿಲು ತಾಗದಂತೆ ಹಳೆಯ ಪಂಚೆ ಕಟ್ಟಿದರು. ದಂಟು ನನ್ನ ಮೊಣಕಾಲಿಗಿಂತ ಸ್ವಲ್ಪ ಮೇಲಕ್ಕೆ ಬಂದು ನಿಂತಿತು. ಏಪ್ರಿಲ್ ಮೊದಲಲ್ಲಿ ಬುಡದ ಕಡೆಯಿಂದ ಬಿಳಿಯ ಸಣ್ಣ ಹೂಗಳು ಅರಳತೊಡಗಿದವು. ಅರ್ಧದವರೆಗೆ ಅರಳಿ, ಮೇಲಿನ ಮೊಗ್ಗುಗಳು ಬಿಸಿಲಿಗೆ ಒಣಗಿದವು. ಮಾವ ಅದನ್ನು ನೋಡಲೆಂದೇ ಬಂದರು. ಮಗಳು ತೋರಿಸಿದಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿ, "ಮೊಂಡು ಬಾಲದ ನರಿ ಇದು," ಎಂದರು. ಅತ್ತಿಗೆ ಅರಳಿದ ಹೂಗಳಲ್ಲಿ ಒಂದನ್ನೂ ಕೀಳಲಿಲ್ಲ, ಮುಡಿಯಲೂ ಇಲ್ಲ.

ಅಣ್ಣನಿಗೆ ಖಾಯಂ ಆದೇಶ ಬಂದದ್ದು 1984ರಲ್ಲಿ. ಅತ್ತಿಗೆಯ ತಮ್ಮ ಮುಂದಿನ ರಜೆಯಲ್ಲಿ ಇನ್ನಷ್ಟು ಬೇರು ತರಲೇ ಎಂದು ಕೇಳಿದಾಗ ಅವರು ಬೇಡವೆಂದರು. ಗಿಡವನ್ನು ಮತ್ತೆ ತಣ್ಣನೆ ಕೋಣೆಗೆ ಕಳಿಸಲಿಲ್ಲ. ಮಳೆಗಾಲದಲ್ಲಿ ಅದರ ಮೇಲೆ ತಗಡು ಮುಚ್ಚುತ್ತಿದ್ದರು. 1989ರ ಮಾರ್ಚ್ ಕೊನೆಯಲ್ಲಿ ನಾನು ನೋಡಿದಾಗ ಚಕ್ಕೆಗಳ ನಡುವೆ ಐದಾರು ಎಲೆಗಳಿದ್ದವು. ದಂಟು ಇರಲಿಲ್ಲ.